ದೇವರು ನಡೆಸಿದರು, ನೀವೆಲ್ಲಾ ಜೊತೆಗಿದ್ದಿರಿ
ನಮ್ಮ ಯಜಮಾನರಿಗೆ ಕಿಡ್ನಿ ಕಸಿ ಆಗಿ ಈ ವಾರಕ್ಕೆ ಒಂದು ವರ್ಷ ತುಂಬಿತು. ದೇವರಿಗೆ ಸ್ತೋತ್ರ! ಭಾನುವಾರ ಸಭೆಯಲ್ಲಿ ಸ್ತೋತ್ರ ಕಾಣಿಕೆ ಕೊಟ್ಟೆವು. ಸಾಕ್ಷಿ ಹೇಳೋಣ ಅಂತ ನಿಂತರೆ ಗಂಟಲು ಕಟ್ಟಿತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಕಸಿಗೆ ಮುಂಚೆ ಡಯಾಲಿಸಿಸ್, ಅಂದರೆ ಯಂತ್ರದಿಂದ ರಕ್ತ ಶುದ್ಧಿ ಮಾಡಿಸುವುದು, ವಾರಕ್ಕೆ ಮೂರು ಸಲ, ಪ್ರತಿ ಸಲ ನಾಲ್ಕು ಗಂಟೆ. ಕೆಂಗೇರಿಯಿಂದ ಕತ್ತಲಲ್ಲೇ ಹೊರಡುತ್ತಿದ್ದೆವು. ಅದಕ್ಕಿಂತ ಕಷ್ಟವಾಗಿದ್ದು ನೀರು. ಕಿಡ್ನಿ ನೀರನ್ನು ಸರಿಯಾಗಿ ಹೊರಹಾಕದ್ದರಿಂದ ಇವರಿಗೆ ದಿನಕ್ಕೆ ಒಂದು ಲೀಟರ್ ಮಾತ್ರ. ಕಾಫಿ, ಸಾರು, ಮಜ್ಜಿಗೆ ಎಲ್ಲಾ ಅದೇ ಲೆಕ್ಕಕ್ಕೆ. ಏಪ್ರಿಲ್ ಸೆಕೆಯಲ್ಲಿ ಒಂದು ಐಸ್ ತುಂಡು ಬಾಯಲ್ಲಿಟ್ಟುಕೊಂಡು ಸುಮ್ನೆ ಕೂತಿರುತ್ತಿದ್ದರು. ಪೊಟ್ಯಾಸಿಯಂ ಜಾಸ್ತಿ ಅಂತ ಎಳನೀರು, ಬಾಳೆಹಣ್ಣು ಮುಟ್ಟುವ ಹಾಗಿರಲಿಲ್ಲ. ಪಕ್ಕದ ಮನೆ ಅಕ್ಕ ಇದನ್ನೆಲ್ಲಾ ಕೇಳಿ ತಿಳಿದುಕೊಂಡು, ತರಕಾರಿ ಬೇಯಿಸಿ, ಆ ನೀರು ಬಸಿದು, ಉಪ್ಪು ಕಮ್ಮಿ ಹಾಕಿ ಪಲ್ಯ ಮಾಡಿ ತರುತ್ತಿದ್ದರು. ಅವರು ನಮ್ಮ ಸಭೆಯವರಲ್ಲ. ಆ ಡಬ್ಬಿಯನ್ನು ದೇವರೇ ಕಳಿಸಿದ್ದು ಅಂತ ನಾನು ನಂಬುತ್ತೇನೆ.

ನನ್ನ ಕಿಡ್ನಿ ಹೊಂದಲಿಲ್ಲ. ಮೈದುನನದೂ ಆಗಲ್ಲ ಅಂದರು. ಆಮೇಲೆ ಪ್ರಾರ್ಥನೆಗೆ ಕೂತರೆ ನನಗೆ ಮಾತೇ ಬರುತ್ತಿರಲಿಲ್ಲ. ಆಗ ಸಭಾಪಾಲಕರು ಮನೆಗೆ ಬಂದು ಬೈಬಲಿನ 1 ಸಮುವೇಲ 4 ಮತ್ತು 7ನೇ ಅಧ್ಯಾಯ ಒಟ್ಟಿಗೆ ಓದಿಸಿದರು. 7ನೇ ಅಧ್ಯಾಯದಲ್ಲಿ ಇಸ್ರಾಯೇಲ್ಯರು ಗೆದ್ದ ಮೇಲೆ ಪ್ರವಾದಿ ಸಮುವೇಲನು ಕಲ್ಲು ನಿಲ್ಲಿಸಿ ಎಬೆನೆಜೆರ್, ಅಂದರೆ ಸಹಾಯದ ಕಲ್ಲು, ಅಂತ ಹೆಸರಿಟ್ಟದ್ದು ನಮಗೆಲ್ಲಾ ಗೊತ್ತು. ಎಷ್ಟೋ ಮನೆಗಳಿಗೂ ಆ ಹೆಸರಿದೆ, ಅಲ್ವಾ? ಆದರೆ 4ನೇ ಅಧ್ಯಾಯದಲ್ಲಿ ಇಸ್ರಾಯೇಲ್ಯರು ಯುದ್ಧದಲ್ಲಿ ಸೋತು ಮಂಜೂಷವನ್ನು, ಅಂದರೆ ದೇವರ ಒಡಂಬಡಿಕೆಯ ಪವಿತ್ರ ಪೆಟ್ಟಿಗೆಯನ್ನು, ಕಳೆದುಕೊಂಡಾಗ ಪಾಳೆಯ ಹಾಕಿದ್ದೂ ಎಬೆನೆಜೆರಿನಲ್ಲೇ. ನಡುವೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹೋಯಿತು. ಆಗಲೂ ದೇವರು ಅವರ ಕೈ ಬಿಟ್ಟಿರಲಿಲ್ಲ. ನಮ್ಮದಿನ್ನೂ 4ನೇ ಅಧ್ಯಾಯ, ಆದರೂ ದೇವರು ಇಲ್ಲೇ ಇದ್ದಾರೆ ಅಂದುಕೊಂಡು ಆ ರಾತ್ರಿ ನಿದ್ದೆ ಮಾಡಿದೆ.

ಕೊನೆಗೆ ಅತ್ತೆಯದು ಹೊಂದಿತು. ಅವರು ಒಂದು ಕ್ಷಣವೂ ಯೋಚಿಸಲಿಲ್ಲ. ಆಪರೇಷನ್ ಆದ ಮೇಲೆ ನರ್ಸ್ ಮೂತ್ರದ ಚೀಲ ತೋರಿಸಿ, "ಬರ್ತಿದೆ ನೋಡಿ ಅಮ್ಮಾ" ಅಂದರು. ನಾನು ಅಲ್ಲೇ ಸ್ತೋತ್ರ ಹೇಳಿ ಅತ್ತುಬಿಟ್ಟೆ.

ರಕ್ತ ಕೊಟ್ಟ ಯೌವನಸ್ಥರಿಗೆ, ಕತ್ತಲಲ್ಲಿ ಬಂದು ನಿಲ್ಲುತ್ತಿದ್ದ ಆಟೋ ಅಣ್ಣನಿಗೆ, ಸರದಿ ಹಾಕಿಕೊಂಡು ಉಪವಾಸ ಪ್ರಾರ್ಥನೆ ಮಾಡಿದ ಅಕ್ಕಂದಿರಿಗೆ ತುಂಬಾ ಥ್ಯಾಂಕ್ಸ್. ಮಾತ್ರೆಗಳು ಇವರಿಗೆ ಜೀವನಪೂರ್ತಿ ಇರುತ್ತವೆ. ಅದಕ್ಕೂ ದೇವರೇ ಒದಗಿಸುತ್ತಾರೆ.

ನಿಮ್ಮ ಮನೆಯಲ್ಲಿ ಡಯಾಲಿಸಿಸ್‌ಗೆ ಹೋಗುವವರಿದ್ದರೆ ಹೆಸರು ತಿಳಿಸಿ, ಬುಧವಾರದ ಪ್ರಾರ್ಥನೆಯಲ್ಲಿ ನೆನೆಯುತ್ತೇವೆ. ಅಡುಗೆ ವಿಷಯ ಏನಾದರೂ ಕೇಳಬೇಕಿದ್ದರೆ ಭಾನುವಾರ ಆರಾಧನೆ ಮುಗಿದ ಮೇಲೆ ನಾನು ಸಿಗುತ್ತೇನೆ.