ಬೋನಸ್ ಮಾರ್ಚಿನಲ್ಲೋ, ಏಪ್ರಿಲ್‌ನಲ್ಲೋ?

ದಾವಣಗೆರೆ
18 ಜನವರಿ 2026

ಚಿರಂಜೀವಿ ಪುಟ್ಟನಿಗೆ ನಿನ್ನ ಚಿಕ್ಕಪ್ಪ ಮಾಡುವ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ. ಚಿಕ್ಕಮ್ಮನ ಮಂಡಿನೋವು ಈಗ ಎಷ್ಟೋ ವಾಸಿ.

ಸಂಕ್ರಾಂತಿಗೆ ಬಂದಾಗ ನೀನು, ‘ಮಾರ್ಚಿನಲ್ಲಿ ಒಂದೂವರೆ ಲಕ್ಷ ಬೋನಸ್ ಬರುತ್ತೆ ಚಿಕ್ಕಪ್ಪ, ಹಾಗೇ ಸೈಟಿನ ಅಡ್ವಾನ್ಸ್‌ಗೆ ಕೊಟ್ಟುಬಿಡ್ತೀನಿ’ ಅಂದೆ. ಆ ಮಾತು ತಲೆಯಿಂದ ಹೋಗಲಿಲ್ಲ. ನೀನು ಬಸ್ಸು ಹತ್ತಿದ ಮೇಲೆ ಹಳೇ ಕ್ಯಾಲೆಂಡರಿನ ಹಾಳೆ ಹರಿದು, ಅದರ ಹಿಂದೆ ಪೆನ್ಸಿಲ್‌ನಲ್ಲಿ ಲೆಕ್ಕ ಹಾಕಿದೆ. ಎರಡು ಸಲ ಹಾಕಿದರೂ ಅದೇ ಉತ್ತರ ಬಂತು. ಅದಕ್ಕೇ ಈ ಕಾಗದ.

ನಿನ್ನ ವರ್ಷದ ಸಂಬಳ 12,40,000. ಹೊಸ ತೆರಿಗೆ ಪದ್ಧತಿಯಲ್ಲಿ ಸಂಬಳದವರಿಗೆಲ್ಲ ಸಿಗೋ ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದರೆ 11,65,000. ಹನ್ನೆರಡು ಲಕ್ಷದೊಳಗೆ ಇರೋದರಿಂದ ರಿಬೇಟ್ (ತೆರಿಗೆ ರಿಯಾಯಿತಿ) ಸಿಕ್ಕಿ ತೆರಿಗೆ ಸೊನ್ನೆ. ಇದಕ್ಕೆ ಒಂದೂವರೆ ಲಕ್ಷ ಸೇರಿಸು, 13,15,000 ಆಯ್ತು. ಹನ್ನೆರಡು ಲಕ್ಷದ ಗೆರೆ ದಾಟಿದ ಕೂಡಲೇ ರಿಬೇಟ್ ಪೂರ್ತಿ ಹೋಗುತ್ತೆ. ನಾಲ್ಕರಿಂದ ಎಂಟು ಲಕ್ಷದವರೆಗಿನದಕ್ಕೆ 20,000, ಎಂಟರಿಂದ ಹನ್ನೆರಡರವರೆಗಿನದಕ್ಕೆ 40,000, ಮೇಲಿನ 1,15,000ಕ್ಕೆ ಶೇ. 15ರಂತೆ 17,250. ತೆರಿಗೆಯ ಮೇಲೆ ಹಾಕೋ ಸೆಸ್ ಸೇರಿ 80,340. ಗೆರೆ ಸ್ವಲ್ಪವೇ ದಾಟಿದವರಿಗೆ, ದಾಟಿದ ಮೊತ್ತಕ್ಕಿಂತ ತೆರಿಗೆಯೇ ಹೆಚ್ಚಾಗದ ಹಾಗೆ ಮಾರ್ಜಿನಲ್ ರಿಲೀಫ್ ಅಂತ ಇದೆ, ಆದರೆ ಅದು ಸುಮಾರು 12,70,000ಕ್ಕೇ ಮುಗಿದುಹೋಗುತ್ತೆ, ನಿನಗೆ ಸಿಗಲ್ಲ. ಅಂದರೆ ಒಂದೂವರೆ ಲಕ್ಷದಲ್ಲಿ ನಿನ್ನ ಕೈಗೆ ನಿಲ್ಲೋದು 69,660. ಇಷ್ಟು ದಿನ ಟಿಡಿಎಸ್ಸೇ (ಸಂಬಳದಲ್ಲೇ ಹಿಡಿಯೋ ತೆರಿಗೆ) ಇಲ್ಲದಿದ್ದ ಸ್ಲಿಪ್ಪಿನಲ್ಲಿ ಅಷ್ಟೂ ಮಾರ್ಚ್ ಒಂದೇ ತಿಂಗಳು ಕಡಿತವಾಗುತ್ತೆ. ಸೈಟಿನವನಿಗೆ ಮಾತು ಕೊಡೋ ಮೊದಲು ಇದು ನಿನ್ನ ಕಣ್ಣ ಮುಂದೆ ಇರಲಿ.

ಅದೇ ಬೋನಸ್ ಏಪ್ರಿಲ್‌ನಲ್ಲಿ ಬಂದರೆ? ತೆರಿಗೆಯ ವರ್ಷ ಮಾರ್ಚಿಗೆ ಮುಗಿಯೋದರಿಂದ ಈ ವರ್ಷದ ತೆರಿಗೆ ಸೊನ್ನೆಯಾಗೇ ಉಳಿಯುತ್ತೆ. ಏಪ್ರಿಲ್‌ನಲ್ಲಿ ಇನ್‌ಕ್ರಿಮೆಂಟ್ ಆಗಿ ಸಂಬಳ 13,60,000 ಆಗುತ್ತೆ ಅಂತ ನೀನೇ ಹೇಳಿದೆ. ಆಗ ಬೋನಸ್ ಇರಲಿ ಬಿಡಲಿ, ಮುಂದಿನ ವರ್ಷ ನೀನು ಗೆರೆ ದಾಟಿಯೇ ಇರ್ತೀಯ. ಈಗಿನ ದರವೇ ಇದ್ದರೆ ಬೋನಸ್‌ನಿಂದ ಹೆಚ್ಚಾಗೋ ತೆರಿಗೆ ಬರೀ 23,400. ವ್ಯತ್ಯಾಸ 56,940 ಪುಟ್ಟಾ, ಸಣ್ಣ ಮೊತ್ತವಲ್ಲ. ಸಂಬಳ ಏರದಿದ್ದರೆ ಮಾತ್ರ ಇದೇ ಹೊರೆ ಒಂದು ವರ್ಷ ಮುಂದಕ್ಕೆ ಹೋಗುತ್ತೆ ಅಷ್ಟೆ, ಉಳಿತಾಯ ಏನೂ ಇಲ್ಲ.

ಆದರೆ ಇದಕ್ಕೆ ಒಂದು ಕಟ್ಟುಪಾಡು ಇದೆ. ಸಂಬಳ ಕೈಗೆ ಬಂದ ದಿನ ಒಂದನ್ನೇ ಕಾನೂನು ನೋಡಲ್ಲ. ಸಲ್ಲಬೇಕಾದ ದಿನ, ಬಂದ ದಿನ, ಎರಡರಲ್ಲಿ ಯಾವುದು ಮೊದಲೋ ಆ ವರ್ಷಕ್ಕೇ ತೆರಿಗೆ. ಮಾರ್ಚಿನಲ್ಲಿ ಕೊಡುತ್ತೇವೆ ಅಂತ ಪತ್ರ ಕೈಗೆ ಬಂದ ಮೇಲೆ ‘ಏಪ್ರಿಲ್‌ನಲ್ಲಿ ಹಾಕಿ’ ಅಂತ ಕೇಳಿಕೊಂಡರೆ ಪ್ರಯೋಜನವಿಲ್ಲ, ಅದು ಈ ವರ್ಷದ್ದೇ. ಪತ್ರ ಇನ್ನೂ ಬಂದಿಲ್ಲ ಅಂದೆಯಲ್ಲ, ಹಾಗಾದರೆ ಈ ವಾರವೇ ಎಚ್‌ಆರ್‌ನವರನ್ನು ಕೇಳು. ಏಪ್ರಿಲ್‌ನಲ್ಲಿ ಘೋಷಿಸಿ ಏಪ್ರಿಲ್‌ನಲ್ಲೇ ಕೊಡೋ ಪದ್ಧತಿ ಅವರಲ್ಲಿ ಇದ್ದರೆ ಸರಿ. ಇಲ್ಲ ಅಂದರೆ ನಕ್ಕು ಸುಮ್ಮನಾಗು. ದಿನಾಂಕ ತಿದ್ದಿಸೋ ಕೆಲಸಕ್ಕೆ ಮಾತ್ರ ಕೈ ಹಾಕಬೇಡ.

ಕೇಳೋಕೆ ಸಂಕೋಚ ಪಡಬೇಡ ಅಂತ ಯಾಕೆ ಹೇಳ್ತೀನಿ ಗೊತ್ತಾ? ನನಗೆ ಒಮ್ಮೆ ಮೂರು ವರ್ಷದ ವೇತನ ಪರಿಷ್ಕರಣೆ ಬಾಕಿ ಒಟ್ಟಿಗೇ ಬಂತು. ಅಂಥ ಬಾಕಿಗೆ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 89ರಲ್ಲಿ ಪರಿಹಾರ ಇತ್ತು, ಅದಕ್ಕೆ ಫಾರಂ 10ಇ ಕೊಡಬೇಕಿತ್ತು. ಕಚೇರಿಯಲ್ಲಿ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕಟ್ಟಿದ ತೆರಿಗೆ ಕಟ್ಟಿದ ಹಾಗೇ ಹೋಯಿತು. ನಿನ್ನಕ್ಕನ ಕಾಲೇಜು ಫೀಸಿಗೆ ಆ ವರ್ಷ ಕೈಗಡ ಮಾಡಿದೆ. ನಿನ್ನದು ಬಾಕಿ ಅಲ್ಲ, ಈ ವರ್ಷದ್ದೇ ಬೋನಸ್, ಹಾಗಾಗಿ ಆ ಪರಿಹಾರ ನಿನಗೆ ಅನ್ವಯಿಸಲ್ಲ.

ಇನ್ನೊಂದು. ಏಪ್ರಿಲ್‌ನಿಂದ ಕಂಪನಿಯವರೇ ಎನ್‌ಪಿಎಸ್‌ಗೆ (ಪಿಂಚಣಿ ಯೋಜನೆ) ಹಾಕೋ ಹಾಗೆ ಸಂಬಳ ಹೊಂದಿಸಿಕೊಂಡರೆ, ಬೇಸಿಕ್‌ನ (ಮೂಲ ವೇತನ) ಶೇ. 14ರವರೆಗೆ ಹೊಸ ಪದ್ಧತಿಯಲ್ಲೂ ಕಳೆಯಬಹುದು. ತಿಂಗಳ ಬೇಸಿಕ್ 50,000 ಇದ್ದರೆ ವರ್ಷಕ್ಕೆ 84,000, ಬೋನಸ್ಸೂ ಏಪ್ರಿಲ್‌ನಲ್ಲೇ ಬಂದರೆ ತೆರಿಗೆಯಲ್ಲಿ ಸುಮಾರು 13,000 ಉಳಿಯುತ್ತೆ. ಆ ದುಡ್ಡು ಬೇಕೆಂದಾಗ ಸುಲಭಕ್ಕೆ ಕೈಗೆ ಬರಲ್ಲ, ಸೈಟಿನ ಕಂತು ಹೇಗೆ ತುಂಬ್ತೀಯ ಅಂತ ನೋಡಿಕೊಂಡು ತೀರ್ಮಾನ ಮಾಡು. ಬ್ಯಾಂಕಿನ ಎಫ್‌ಡಿ ಬಡ್ಡಿಯನ್ನೂ ಮರೆಯಬೇಡ, ಅದೂ ಆದಾಯಕ್ಕೇ ಸೇರುತ್ತೆ. ಹನ್ನೆರಡು ಲಕ್ಷಕ್ಕೆ ಈಗ ಉಳಿದಿರೋ ಜಾಗ ಬರೀ 35,000.

ಎಚ್‌ಆರ್‌ನವರು ಏನಂದರು ಅಂತ ಫೋನ್ ಮಾಡು. ಸ್ಲಿಪ್ಪಿನ ಫೋಟೋ ಕಳಿಸಿದರೆ ಸರಿಯಾದ ಬೇಸಿಕ್ ಹಾಕಿ ಮತ್ತೊಮ್ಮೆ ಲೆಕ್ಕ ಮಾಡ್ತೀನಿ. ಸೈಟಿನವನಿಗೆ ಅಲ್ಲಿಯವರೆಗೆ ಏನೂ ಹೇಳಬೇಡ.

ಇಂತಿ,
ನಿನ್ನ ಚಿಕ್ಕಪ್ಪ