ಸಂಗೀತ ಶಿಕ್ಷಕರ ತಿಂಗಳ ಸಂಬಳಕ್ಕೆ ಒಂದು ಮನವಿ

ಮಾನ್ಯರೇ,

ಶ್ರೀರಂಗಪಟ್ಟಣ ಮತ್ತು ಪಾಂಡವಪುರ ತಾಲ್ಲೂಕುಗಳ ಆರು ಸರ್ಕಾರಿ ಪ್ರೌಢಶಾಲೆಗಳಲ್ಲಿ ನಮ್ಮ ಟ್ರಸ್ಟ್ ಸಂಗೀತ ತರಗತಿಗಳನ್ನು ನಡೆಸುತ್ತಿದೆ. ಬರುವ ಜೂನ್‌ನಿಂದ ಮಾರ್ಚ್‌ವರೆಗೆ ಇವು ನಿಲ್ಲದೆ ನಡೆಯಬೇಕಾದರೆ 3,60,000 ರೂಪಾಯಿ ಬೇಕು. ಅದರಲ್ಲಿ 3,00,000 ರೂಪಾಯಿ ಮೂವರು ಶಿಕ್ಷಕರ ಸಂಬಳ ಮತ್ತು ಬಸ್ ಖರ್ಚಿಗೆ, ಉಳಿದದ್ದು ವಾದ್ಯಗಳಿಗೆ. ಮೊತ್ತವನ್ನು ಮೊದಲೇ ಹೇಳಿಬಿಟ್ಟಿದ್ದೇವೆ. ಮನವಿ ಪತ್ರ ಕೈಗೆ ಬಂದವರು ಹೇಗೂ ಕೊನೆಯ ಸಾಲುಗಳಲ್ಲಿ ಅದನ್ನೇ ಹುಡುಕುತ್ತಾರೆ.

ಸಂಬಳಕ್ಕಾಗಿ ದೇಣಿಗೆ ಎತ್ತುವುದು ಕಷ್ಟದ ಕೆಲಸ. ವಾರ್ಷಿಕೋತ್ಸವದ ಶಾಮಿಯಾನಕ್ಕೆ, ಧ್ವನಿವರ್ಧಕಕ್ಕೆ, ಮಕ್ಕಳ ವೇಷಭೂಷಣಕ್ಕೆ ಕೊಡುವವರು ಸಿಗುತ್ತಾರೆ. ಸೋಮವಾರ ಮಧ್ಯಾಹ್ನ ಮೂವತ್ತೈದು ಮಕ್ಕಳ ಮುಂದೆ ಕುಳಿತು ಸಂಗೀತದ ಮೊದಲ ಸ್ವರಪಾಠವಾದ ಸರಳೆ ವರಸೆ ತಿದ್ದುವವರ ಊಟದ ಖರ್ಚು ಯಾರ ಕಣ್ಣಿಗೂ ಬೀಳುವುದಿಲ್ಲ. ಮೈಸೂರಿನ ಸಂಗೀತಕ್ಕೆ ಹೆಸರು ಬಂದದ್ದು ಈ ಕಾಣದ ಖರ್ಚನ್ನು ಯಾರೋ ಹೊತ್ತುಕೊಂಡದ್ದರಿಂದ. ವೀಣೆ ಶೇಷಣ್ಣ, ಬಿಡಾರಂ ಕೃಷ್ಣಪ್ಪ, ಮೈಸೂರು ವಾಸುದೇವಾಚಾರ್ಯ, ಮುತ್ತಯ್ಯ ಭಾಗವತರ್ ಇವರೆಲ್ಲ ಅರಮನೆಯ ಆಶ್ರಯದಲ್ಲಿದ್ದ ಆಸ್ಥಾನ ವಿದ್ವಾಂಸರು. ತಿರುಮಕೂಡಲಿನಲ್ಲಿ ಹುಟ್ಟಿದ ಟಿ. ಚೌಡಯ್ಯನವರು ಪಿಟೀಲಿನಲ್ಲಿ ನಾಡಿಗೆಲ್ಲ ಹೆಸರಾಗುವ ಮೊದಲು ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರ ಬಳಿ ವರ್ಷಗಟ್ಟಲೆ ಕಲಿತರು. ಅವರ ಏಳು ತಂತಿಯ ಪಿಟೀಲಿನ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಆ ಹುಡುಗನಿಗೆ ಪಾಠ ಹೇಳಿದ ಗುರುವಿನ ಮನೆ ಹೇಗೆ ನಡೆಯುತ್ತಿತ್ತು ಎಂದು ಕೇಳುವವರು ಕಡಿಮೆ. ಈಗ ಅರಮನೆಯ ಬೊಕ್ಕಸವಿಲ್ಲ, ಆದ್ದರಿಂದ ನಿಮ್ಮ ಬಾಗಿಲಿಗೆ ಬಂದಿದ್ದೇವೆ.

ಶಾಲೆಯಲ್ಲಿ ಸಂಗೀತ ಹೊಸ ಬೇಡಿಕೆಯೇನಲ್ಲ. ಕಲಾಶಿಕ್ಷಣವನ್ನು 10ನೇ ತರಗತಿಯವರೆಗೆ ಕಡ್ಡಾಯ ವಿಷಯವಾಗಿಸಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೇ ಹೇಳಿತ್ತು. 2022ರಲ್ಲಿ ರಾಜ್ಯ ಸರ್ಕಾರ ನಾಡಗೀತೆಗೆ ಮೈಸೂರು ಅನಂತಸ್ವಾಮಿಯವರ ಧಾಟಿಯನ್ನು ಅಧಿಕೃತಗೊಳಿಸಿ, 2 ನಿಮಿಷ 30 ಸೆಕೆಂಡುಗಳಲ್ಲಿ ಹಾಡಿ ಮುಗಿಸಬೇಕೆಂದು ಆದೇಶಿಸಿತು. ಧಾಟಿ ನಿಗದಿಯಾಯಿತು, ಕಾಲವೂ ನಿಗದಿಯಾಯಿತು. ಶ್ರುತಿ ಹಿಡಿದು ಹೇಳಿಕೊಡುವವರು ಮಾತ್ರ ಬಹುತೇಕ ಸರ್ಕಾರಿ ಶಾಲೆಗಳಲ್ಲಿ ಇಲ್ಲ. ಬೆಳಗಿನ ಪ್ರಾರ್ಥನೆಯಲ್ಲಿ ಮುಂದೆ ನಿಂತ ಹುಡುಗಿ ಎಲ್ಲಿಂದ ಎತ್ತಿಕೊಂಡಳೋ ಅದೇ ಶ್ರುತಿ. ಮೇಲಿನ ಸ್ವರಗಳ ತಾರಸ್ಥಾಯಿ ಬಂದಾಗ ಅರ್ಧ ಶಾಲೆ ಕಿರುಚುತ್ತದೆ, ಉಳಿದರ್ಧ ಸುಮ್ಮನೆ ಬಾಯಿ ಆಡಿಸುತ್ತದೆ.

ನಮ್ಮ ತರಗತಿ ಷಡ್ಜ, ಅಂದರೆ ‘ಸ’ ಹಿಡಿಯುವುದರಿಂದಲೇ ಆರಂಭವಾಗುತ್ತದೆ. ಆಮೇಲೆ ಪುರಂದರದಾಸರು ಹಾಕಿಕೊಟ್ಟದ್ದೆಂದು ಪರಂಪರೆ ಹೇಳುವ ದಾರಿ: ಸರಳೆ ವರಸೆ, ಸ್ವರಗಳನ್ನು ಜೋಡಿಯಾಗಿ ಹಾಡುವ ಜಂಟಿ ವರಸೆ, ಸಪ್ತತಾಳಗಳ ಅಲಂಕಾರ, ಎಲ್ಲವೂ ಮಾಯಾಮಾಳವಗೌಳ ರಾಗದಲ್ಲಿ. ಇದೇ ರಾಗ ಏಕೆ ಎಂದು ಮಕ್ಕಳು ಕೇಳುತ್ತಾರೆ. ಕೇಳಬೇಕು ಕೂಡ. ಸ ರಿ ಗ ಮ ಸ್ವರಗಳ ನಡುವೆ ಇರುವ ಅಂತರಗಳೇ ಪ ದ ನಿ ಸ ನಡುವೆಯೂ ಇವೆ; ಮೊದಲ ಭಾಗವಾದ ಪೂರ್ವಾಂಗ ಗಂಟಲಿಗೆ ಕೂತರೆ ಎರಡನೆಯದಾದ ಉತ್ತರಾಂಗದ ಅರ್ಧ ಕೆಲಸ ಮುಗಿದಂತೆ. ಒಂದು ಶಾಲೆಯ ಗಣಿತದ ಮೇಷ್ಟರು ಇದನ್ನು ಬಾಗಿಲಲ್ಲಿ ನಿಂತು ಕೇಳಿ ತಮ್ಮ ಪಾಠಕ್ಕೆ ಎರವಲು ಪಡೆದರು. ಕೈಯಲ್ಲಿ ಆದಿತಾಳ ತಪ್ಪದೆ ಮೂರು ಕಾಲದಲ್ಲಿ, ಅಂದರೆ ಮೂರು ವೇಗದಲ್ಲಿ, ಹಾಡುವ ಹೊತ್ತಿಗೆ ದಸರಾ ರಜೆ ಬಂದಿರುತ್ತದೆ. ಸಾಹಿತ್ಯವಿರುವ ಮೊದಲ ಹಾಡಾದ ಪಿಳ್ಳಾರಿ ಗೀತೆ ಅದರ ನಂತರ.

ಅಷ್ಟರಲ್ಲಿ ‘ನಮ್ಮ ಹುಡುಗಿಗೆ ಒಂದು ಹಾಡಾದರೂ ಬಂತೇ?’ ಎಂದು ತಾಯಂದಿರು ಕೇಳಲು ಶುರು ಮಾಡಿರುತ್ತಾರೆ. ಅದಕ್ಕೇ ಪ್ರತಿ ತರಗತಿಯ ಕೊನೆಯ ಹತ್ತು ನಿಮಿಷ ಸೋಬಾನೆ, ಕೋಲಾಟದ ಪದ, ಮಾದಪ್ಪನ ಪದಗಳಿಗೆ ಮೀಸಲು. ಇವನ್ನು ನಾವು ಕಲಿಸುತ್ತೇವೆ ಎಂದರೆ ಸುಳ್ಳಾದೀತು. ಮಕ್ಕಳೇ ಅಜ್ಜಿಯರ ಬಾಯಿಂದ ಕೇಳಿಕೊಂಡು ಬಂದು ನಮ್ಮ ಶಿಕ್ಷಕರಿಗೆ ಕಲಿಸುತ್ತಾರೆ. ಶಾಸ್ತ್ರೀಯ ಸಂಗೀತಕ್ಕೆ ಮಾತ್ರ ಬಳಸುವುದಾದರೆ ಹಣ ಕೊಡುತ್ತೇನೆ ಎಂದ ದಾನಿಯೊಬ್ಬರಿಗೆ ಕೈಮುಗಿದು ಬೇಡ ಎಂದೆವು. ನೀಲಗಾರರು ಮಂಟೇಸ್ವಾಮಿಯ ಕಥೆಯನ್ನು ತಂಬೂರಿ ಮೀಟುತ್ತಾ ರಾತ್ರಿಯಿಡೀ ಹಾಡುವ ಸೀಮೆ ಇದು. ಶ್ರುತಿಜ್ಞಾನವನ್ನು ನಾವು ಹೊರಗಿನಿಂದ ತಂದು ಹಂಚುತ್ತಿದ್ದೇವೆ ಎಂಬ ಭ್ರಮೆ ನಮಗಿಲ್ಲ.

ವಾದ್ಯಗಳ ವಿಷಯಕ್ಕೆ ಬರೋಣ. ಎಂಟು, ಒಂಬತ್ತನೇ ತರಗತಿಯ ಹುಡುಗರ ಧ್ವನಿ ಒಡೆಯುವ ಕಾಲ. ನಿನ್ನೆಯವರೆಗೆ ಹುಡುಗಿಯರ ಜೊತೆ ಹಾಡುತ್ತಿದ್ದವನ ಗಂಟಲು ಇದ್ದಕ್ಕಿದ್ದಂತೆ ಕೆಳಗಿಳಿಯುತ್ತದೆ, ನಡುವೆ ಬಿರುಕು ಬಿಡುತ್ತದೆ, ಪಕ್ಕದವರು ನಗುತ್ತಾರೆ. ಮರುವಾರ ಅವನು ತರಗತಿಗೆ ಬರುವುದಿಲ್ಲ. ಆ ಹಂತದಲ್ಲಿ ಹಟ ಮಾಡಿ ಹಾಡಿಸಬಾರದು ಎಂದು ನಮ್ಮ ಶಿಕ್ಷಕರ ಅಭಿಪ್ರಾಯ. ಅವನ ಕೈಗೆ ಲಯವಾದ್ಯ ಕೊಟ್ಟರೆ ಸಂಗೀತವನ್ನು ಬಿಟ್ಟು ಹೋಗುವುದಿಲ್ಲ. ಅದಕ್ಕಾಗಿ ಎರಡು ಮೃದಂಗ, ಕೆಲವು ಖಂಜಿರ, ಕಂಸಾಳೆಯ ಜೋಡಿಗಳು ಬೇಕು. ಖಂಜಿರಕ್ಕೆ ಹಿಂದೆ ಉಡದ ಚರ್ಮ ಬಿಗಿಯುತ್ತಿದ್ದರು. ವನ್ಯಜೀವಿ ಕಾನೂನು ಅದನ್ನು ನಿಷೇಧಿಸಿರುವುದರಿಂದ ಆಡಿನ ಚರ್ಮದ್ದನ್ನೋ ಸಿಂಥೆಟಿಕ್ ಹಾಳೆಯದ್ದನ್ನೋ ಕೊಳ್ಳುತ್ತೇವೆ. ಮೃದಂಗದ ಖರ್ಚು ಕೊಳ್ಳುವಾಗಲೇ ಮುಗಿಯುವುದಿಲ್ಲ, ಆಗಾಗ ಚರ್ಮದ ಮುಚ್ಚಿಗೆ ಬದಲಿಸಬೇಕು. ಶಾಲೆಯ ಮಕ್ಕಳ ಕೈಯಲ್ಲಿ ಅದು ಸ್ವಲ್ಪ ಬೇಗವೇ ಹರಿಯುತ್ತದೆ. ಪ್ರತಿ ಶಾಲೆಗೆ ಒಂದು ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆಯೂ ಇದೇ ಲೆಕ್ಕದಲ್ಲಿದೆ.

ಸಂಜೆ ತರಗತಿ ಮಾಡಬಾರದೇಕೆ, ಆಗ ಮೈಸೂರಿನಿಂದ ವಿದ್ವಾಂಸರು ಬರಬಹುದಲ್ಲ ಎಂದು ಕೆಲವರು ಸಲಹೆ ಕೊಟ್ಟಿದ್ದಾರೆ. ಶಾಲೆ ಬಿಟ್ಟ ಮೇಲಿನ ಬಸ್ಸು ತಪ್ಪಿದರೆ ಎಷ್ಟೋ ಹಳ್ಳಿಗಳಿಗೆ ಮತ್ತೆ ಬಸ್ಸಿಲ್ಲ. ಸುಗ್ಗಿಯಲ್ಲಿ ಮನೆಗೆಲಸ ಬೇರೆ. ಹಾಗಾಗಿ ಎಲ್ಲ ತರಗತಿಗಳೂ ಶಾಲೆಯ ವೇಳಾಪಟ್ಟಿಯೊಳಗೇ ನಡೆಯುತ್ತವೆ. ಅದಕ್ಕೆ ಹಗಲು ಹೊತ್ತಿನಲ್ಲಿ ಸಿಗುವ, ಸಂಬಳವನ್ನೇ ನಂಬಿದ ಶಿಕ್ಷಕರು ಬೇಕು.

ಒಬ್ಬ ಶಿಕ್ಷಕರು ವಾರಕ್ಕೆ ನಾಲ್ಕು ದಿನ, ಎರಡು ಶಾಲೆಗಳಲ್ಲಿ ಪಾಠ ಮಾಡುತ್ತಾರೆ. ಅವರ ಒಂದು ತಿಂಗಳ ಸಂಬಳ 9,000 ರೂಪಾಯಿ, ಓಡಾಟಕ್ಕೆ 1,000. ಹೆಚ್ಚಲ್ಲ ಎಂದು ನಮಗೂ ಗೊತ್ತು. ಒಂದು ತಿಂಗಳನ್ನು ಪೂರ್ತಿ ವಹಿಸಿಕೊಳ್ಳಬಹುದು, ನಾಲ್ಕು ಜನ ಸ್ನೇಹಿತರು ಸೇರಿ ವಹಿಸಿಕೊಳ್ಳಬಹುದು, 500 ರೂಪಾಯಿ ಕೊಟ್ಟರೂ ರಸೀದಿ ಬರುತ್ತದೆ. ಖಾತೆಯ ವಿವರ ಜೊತೆಗಿರುವ ನಮೂನೆಯಲ್ಲಿದೆ. ದೇಣಿಗೆಗೆ ಸಿಗುವ ಆದಾಯ ತೆರಿಗೆಯ 80ಜಿ ವಿನಾಯಿತಿ ಬೇಕಾದವರು 2,000 ರೂಪಾಯಿಗಿಂತ ಹೆಚ್ಚಿನ ಮೊತ್ತವನ್ನು ನಗದಾಗಿ ಕೊಡಬೇಡಿ, ಚೆಕ್ ಅಥವಾ ಬ್ಯಾಂಕ್ ಮೂಲಕ ಕಳುಹಿಸಿ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಈ ವಿನಾಯಿತಿ ಸಿಗುವುದಿಲ್ಲ.

ಹಣದ ಬದಲು ವಾದ್ಯ ಕೊಡುವವರಿಗೂ ಸ್ವಾಗತ. ಮೈಸೂರಿನ ಹಳೆಯ ಮನೆಗಳ ಅಟ್ಟದಲ್ಲಿ ಬಟ್ಟೆ ಸುತ್ತಿಟ್ಟ ವೀಣೆಗಳು ಇನ್ನೂ ಇವೆ. ಮೇಣ ಕಳಚಿ ವೀಣೆಯ ದಂಡಿಯ ಮೇಲಿನ ಸ್ವರದ ಮೆಟ್ಟಿಲು ಅಲುಗಾಡುತ್ತಿದ್ದರೆ ಚಿಂತೆಯಿಲ್ಲ, 24 ಮೆಟ್ಟಿಲನ್ನೂ ಮತ್ತೆ ಕೂರಿಸಬಹುದು. ಕೊಡ ಸೀಳಿದ್ದರೆ ಮಾತ್ರ ದಯವಿಟ್ಟು ಮೊದಲೇ ತಿಳಿಸಿ. ವಾದ್ಯಗಳ ಮೇಲೆ ದಾನಿಗಳ ಹೆಸರು ಬರೆಸುವುದಿಲ್ಲ. ಫ್ಯಾನಿನ ರೆಕ್ಕೆಯನ್ನೂ ಬಿಡದ ಊರಿನಲ್ಲಿ ಇದು ಬಿಗುಮಾನವೆನಿಸಬಹುದು, ಆದರೆ ಮೃದಂಗದ ಮೇಲೆ ಜಾಗ ಕಡಿಮೆ. ಹೆಸರು, ಮೊತ್ತ, ಖರ್ಚು ಎಲ್ಲವೂ ಏಪ್ರಿಲ್‌ನಲ್ಲಿ ಪ್ರತಿ ದಾನಿಗೂ ಕಳುಹಿಸುವ ಲೆಕ್ಕಪತ್ರದಲ್ಲಿರುತ್ತವೆ.

ತರಗತಿ ನೋಡಲು ಬರುವವರು ಮುಖ್ಯ ಶಿಕ್ಷಕರಿಗೆ ಹೇಳಿ ಯಾವ ದಿನವಾದರೂ ಬರಬಹುದು. ಸ್ವಾಗತಗೀತೆ, ಶಾಲು, ಹಾರ ಇರುವುದಿಲ್ಲ. ಹಿಂದಿನ ಬೆಂಚಿನಲ್ಲಿ ಕುಳಿತು ನಲವತ್ತು ನಿಮಿಷ ಜಂಟಿ ವರಸೆ ಕೇಳಬೇಕಾಗುತ್ತದೆ.

ಇತಿ,
ಟ್ರಸ್ಟಿನ ಪರವಾಗಿ,
ಕಾರ್ಯದರ್ಶಿ