ಕೋಬೆಯಿಂದ ಗೆಳೆಯನಿಗೊಂದು ಪತ್ರ: ಚೀಟಿಯಲ್ಲಿ ಮುಗಿದ ನಾಲ್ಕು ವರ್ಷ

ಕೋಬೆ, ಜಪಾನ್
20 ಡಿಸೆಂಬರ್ 2024

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ಕೈಸೇರಿ ಮೂರು ವಾರಗಳಾದವು. ಉತ್ತರ ತಡವಾದದ್ದು ಸೋಮಾರಿತನದಿಂದಲ್ಲ. ಕಳೆದ ಭಾನುವಾರದ ಕೋಶಿಯೆನ್ ಬೌಲ್, ಅಂದರೆ ಕೋಶಿಯೆನ್ ಕ್ರೀಡಾಂಗಣದಲ್ಲಿ ನಡೆಯುವ ಕಾಲೇಜು ಅಮೆರಿಕನ್ ಫುಟ್‌ಬಾಲಿನ ರಾಷ್ಟ್ರೀಯ ಫೈನಲ್, ಮುಗಿಯುವವರೆಗೆ ಬರೆಯಕೂಡದೆಂದು ನಾನೇ ತಡೆದುಕೊಂಡಿದ್ದೆ. ಜಪಾನಿನಲ್ಲಿದ್ದುಕೊಂಡು ಸುಮೋ ನೋಡುವುದನ್ನು ಬಿಟ್ಟು, ಅಮೆರಿಕದವರ ಫುಟ್‌ಬಾಲನ್ನು, ಅದೂ ಕಾಲೇಜು ಹುಡುಗರು ಆಡುವುದನ್ನು ಚಳಿಯಲ್ಲಿ ಕುಳಿತು ನೋಡುತ್ತೀಯಲ್ಲ, ನಿನಗೇನಾಗಿದೆ ಎಂದು ನೀನು ಕೇಳಿದ್ದೆ. ತಮಾಷೆಗೆ ಕೇಳಿದ್ದಿರಬಹುದು, ಆದರೂ ಸಾವಧಾನವಾಗಿ ಉತ್ತರಿಸುತ್ತೇನೆ.

ಇದು ಇಲ್ಲಿಗೆ ನಿನ್ನೆ ಮೊನ್ನೆ ಬಂದಿಳಿದ ಆಟವಲ್ಲ. ರಿಕ್ಕ್ಯೋ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಪಾಲ್ ರಶ್ ಎಂಬ ಅಮೆರಿಕನ್ನರು 1934ರಲ್ಲಿ ರಿಕ್ಕ್ಯೋ, ಮೇಜಿ ಮತ್ತು ವಸೇದಾ ವಿದ್ಯಾರ್ಥಿಗಳನ್ನು ಸೇರಿಸಿ ಟೋಕಿಯೊದಲ್ಲಿ ಒಂದು ಒಕ್ಕೂಟ ಕಟ್ಟಿದರು. ಅಮೆರಿಕದಲ್ಲಿ ಹುಟ್ಟಿ, ಓದಲೆಂದು ಹೆತ್ತವರ ನಾಡಿಗೆ ಬಂದಿದ್ದ ಹುಡುಗರೇ ಹೆಚ್ಚಾಗಿದ್ದ ವಿದ್ಯಾರ್ಥಿ ತಂಡವು ಅದೇ ವರ್ಷದ ನವೆಂಬರ್ 29ರಂದು ಯೊಕೊಹಾಮಾದ ವಿದೇಶೀಯರ ಕ್ಲಬ್ಬನ್ನು 26-0ರಿಂದ ಮಣಿಸಿತು. ಈಗ ಜನ ಈ ಆಟವನ್ನು ಮೊಟಕಾಗಿ ‘ಅಮೆಫುಟೊ’ ಎನ್ನುತ್ತಾರೆ. ಜಪಾನ್ 1999ರಲ್ಲಿಯೂ 2003ರಲ್ಲಿಯೂ ವಿಶ್ವ ಚಾಂಪಿಯನ್ ಆಗಿತ್ತು. ಆ ಎರಡೂ ಸಲ ಅಮೆರಿಕ ತಂಡವನ್ನೇ ಕಳಿಸಿರಲಿಲ್ಲವೆಂಬುದನ್ನು ಮುಚ್ಚಿಡಲಾರೆ. 2007ರಲ್ಲಿ ಕಳಿಸಿತು; ಕವಾಸಾಕಿಯ ಫೈನಲ್ ಹೆಚ್ಚುವರಿ ಆಟದವರೆಗೆ ಎಳೆದು ಜಪಾನ್ 20-23ರಿಂದ ಸೋತಿತು.

ನನಗೆ ಈ ಹುಚ್ಚು ಹತ್ತಿದ್ದು ಕೋಬೆಯ ಓಜಿ ಕ್ರೀಡಾಂಗಣದಲ್ಲಿ. ಹಾಂಕ್ಯೂ ರೈಲಿನಿಂದ ಓಜಿ-ಕೋಯೆನ್ ನಿಲ್ದಾಣದಲ್ಲಿ ಇಳಿದರೆ ಸ್ವಲ್ಪವೇ ನಡಿಗೆ. ಪಕ್ಕದಲ್ಲಿ ಮೃಗಾಲಯ, ಬೆನ್ನಿಗೆ ರೊಕ್ಕೋ ಬೆಟ್ಟಸಾಲು. ಈ ವರ್ಷ ಮಾರ್ಚಿನಲ್ಲಿ ತೀರಿಕೊಂಡ ತಾನ್‌ತಾನ್ ಎಂಬ ಪಾಂಡಾವನ್ನು ನೋಡಲು ಹೋದವನು ಚೆಂಡೆಯಂಥ ಸದ್ದು ಕೇಳಿ ಗೋಡೆಯ ಈಚೆಗೆ ಬಂದೆನೆಂದು ಹಿಂದೊಮ್ಮೆ ಬರೆದಿದ್ದೆನಲ್ಲ, ಅದೇ ಜಾಗ. ಆಟದ ನಿಯಮ ನಿನಗೆ ಇಷ್ಟು ಸಾಕು: ಕಡೆಗೆ ಹನ್ನೊಂದು ಜನ, ಚೆಂಡಿರುವ ತಂಡವು ನಾಲ್ಕು ಪ್ರಯತ್ನಗಳಲ್ಲಿ ಹತ್ತು ಗಜ ಮುಂದೊತ್ತಬೇಕು, ಆಗದಿದ್ದರೆ ಚೆಂಡು ಎದುರಾಳಿಗೆ. ನಾನು ಮಾತ್ರ ಈಗ ಚೆಂಡಿಗಿಂತ ಹೆಚ್ಚಾಗಿ ಗೆರೆಯಾಚೆ ನಿಂತವರನ್ನೇ ನೋಡುತ್ತೇನೆ. ಆಟ ನಿಂತೊಡನೆ ಎರಡೂ ಕೈಗಳ ಬೆರಳುಗಳ ನಡುವೆ ನಾಲ್ಕೈದು ನೀರಿನ ಬಾಟಲಿ ಸಿಕ್ಕಿಸಿಕೊಂಡು ಒಬ್ಬ ವಿದ್ಯಾರ್ಥಿನಿ ಅಂಗಳದೊಳಕ್ಕೆ ಓಡುತ್ತಾಳೆ. ಹೆಲ್ಮೆಟ್ ತೆಗೆಯದ ಹುಡುಗರ ಬಾಯಿಗೆ ಜಾಲರಿಯ ಸಂದಿನಿಂದ ನೀರು ಚಿಮ್ಮಿಸಿ, ಸೀಟಿ ಊದುವಷ್ಟರಲ್ಲಿ ಗೆರೆಯಾಚೆಗೆ ಮರಳಿರುತ್ತಾಳೆ. ಅವಳನ್ನು ಇಲ್ಲಿ ಮ್ಯಾನೇಜರ್ ಎನ್ನುತ್ತಾರೆ. ಎದುರಾಳಿಯ ವಿಡಿಯೊಗಳನ್ನು ವಾರವಿಡೀ ನೋಡಿ, ಮೂರನೆಯ ಪ್ರಯತ್ನದಲ್ಲಿ ಅವರು ಎತ್ತ ಓಡುತ್ತಾರೆಂದು ಲೆಕ್ಕ ಹಾಕುವವರೂ ವಿದ್ಯಾರ್ಥಿಗಳೇ. ದೊಡ್ಡ ತಂಡವೊಂದರ ನೂರೈವತ್ತಕ್ಕೂ ಹೆಚ್ಚು ಸದಸ್ಯರಲ್ಲಿ ಅಂಗಳಕ್ಕಿಳಿಯುವವರು ಕೆಲವರೇ.

ಇವರೆಲ್ಲರಿಗೆ ಇರುವುದು ನಾಲ್ಕೇ ವರ್ಷ. ಇಲ್ಲಿ ಅಮೆರಿಕದಂತೆ ಮುಂದೆ ಕೋಟಿಗಟ್ಟಲೆ ಕೊಡುವ ವೃತ್ತಿಪರ ಲೀಗ್ ಕಾದಿಲ್ಲ. ಪದವಿಯಾದ ಮೇಲೆ ಬಹುಪಾಲು ಜನ ಟೈ ಕಟ್ಟಿ ಕಚೇರಿಗೆ ಹೋಗುತ್ತಾರೆ. ಕ್ಯೋಟೊ ವಿಶ್ವವಿದ್ಯಾಲಯದ ಕತೆ ನಿನಗೆ ಹಿಡಿಸಬಹುದು. ದೇಶದ ಅತಿ ಕಠಿಣ ಪ್ರವೇಶ ಪರೀಕ್ಷೆಗಳಲ್ಲೊಂದನ್ನು ದಾಟಿ ಬಂದ, ಅಲ್ಲಿಯವರೆಗೆ ಈ ಚೆಂಡನ್ನು ಮುಟ್ಟಿಯೂ ಇಲ್ಲದ ಹುಡುಗರನ್ನು ಪಳಗಿಸಿ, ‘ಗ್ಯಾಂಗ್‌ಸ್ಟರ್ಸ್’ ಎಂಬ ಹೆಸರಿನ ಆ ತಂಡವು 1980 ಮತ್ತು 1990ರ ದಶಕಗಳಲ್ಲಿ ಕಂಪನಿಗಳ ತಂಡಗಳನ್ನೂ ಸೋಲಿಸಿ, ಆಗ ಇಡೀ ದೇಶದ ಚಾಂಪಿಯನ್ ಯಾರೆಂದು ತೀರ್ಮಾನಿಸುತ್ತಿದ್ದ ರೈಸ್ ಬೌಲ್ ಪಂದ್ಯವನ್ನು ನಾಲ್ಕು ಬಾರಿ ಗೆದ್ದಿತು.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿರುವ ವಿಷಯ. ನಮ್ಮ ಈ ಪಶ್ಚಿಮ ಭಾಗದ, ಅಂದರೆ ಕನ್ಸಾಯಿಯ, ಮೊದಲ ದರ್ಜೆಯ ಲೀಗಿನಲ್ಲಿ ಎಂಟು ವಿಶ್ವವಿದ್ಯಾಲಯಗಳ ತಂಡಗಳು. ಸೆಪ್ಟೆಂಬರಿನಿಂದ ನವೆಂಬರಿನೊಳಗೆ ಪ್ರತಿಯೊಂದಕ್ಕೂ ಏಳು ಪಂದ್ಯ. 2023ರಲ್ಲಿ ಕ್ವಾನ್ಸೇ ಗಾಕುಯಿನ್ (ಕನ್ಸಾಯಿ ಎಂಬುದರ ಹಳೆಯ ಉಚ್ಚಾರಣೆಯನ್ನೇ ಇವರು ಹಟದಿಂದ ಉಳಿಸಿಕೊಂಡಿದ್ದಾರೆ) ರಿತ್ಸುಮೇಯಿಕಾನನ್ನು ಸೋಲಿಸಿತು, ರಿತ್ಸುಮೇಯಿಕಾನ್ ಕನ್ಸಾಯಿ ವಿಶ್ವವಿದ್ಯಾಲಯವನ್ನು ಸೋಲಿಸಿತು, ಕೊನೆಯ ವಾರ ಕನ್ಸಾಯಿ ವಿಶ್ವವಿದ್ಯಾಲಯವು ಅಲ್ಲಿಯವರೆಗೆ ಸೋಲನ್ನೇ ಕಾಣದಿದ್ದ ಕ್ವಾನ್ಸೇಯನ್ನು 16-13ರಿಂದ ಕೆಡವಿತು. ಮೂರಕ್ಕೂ ಆರು ಗೆಲುವು, ಒಂದು ಸೋಲು. ಮುಂದಿನ ಸುತ್ತಿಗೆ ಹೋಗುವುದು ಒಂದೇ ತಂಡವೆಂಬುದು ಆ ವರ್ಷದ ನಿಯಮ. ಆದ್ದರಿಂದ ಚೀಟಿ ಎತ್ತಿದರು! ಕೊನೆಯ ಪಂದ್ಯದಲ್ಲಿ ಸೋತ ಕ್ವಾನ್ಸೇಗೆ ಚೀಟಿ ಒಲಿಯಿತು. ಅವರು ಕೋಶಿಯೆನ್‌ಗೆ ಹೋಗಿ ಟೋಕಿಯೊದ ಹೋಸೇ ವಿಶ್ವವಿದ್ಯಾಲಯವನ್ನು 61-21ರಿಂದ ಹೊಡೆದು ಸತತ ಆರನೆಯ ಪ್ರಶಸ್ತಿ ಎತ್ತಿದರು. 2009ರ ನಂತರ ಕೋಶಿಯೆನ್ನಿನ ಹುಲ್ಲು ಮೆಟ್ಟದಿದ್ದ ಕನ್ಸಾಯಿ ವಿಶ್ವವಿದ್ಯಾಲಯದ ನಾಲ್ಕನೆಯ ವರ್ಷದ ಹುಡುಗರು, ಗೆದ್ದ ಪಂದ್ಯವನ್ನೇ ಕೊನೆಯ ಪಂದ್ಯವಾಗಿಸಿಕೊಂಡು ಮನೆಗೆ ಹೋದರು. ಆ ದಿನ ನನಗೆ ಊಟ ರುಚಿಸಲಿಲ್ಲ. ಅದೃಷ್ಟಕ್ಕೆ ಬಿಡುವುದು ಮೂವರಿಗೂ ಸಮಾನವೆಂದು ನನ್ನ ಸಹೋದ್ಯೋಗಿಯೊಬ್ಬರು ವಾದಿಸಿದರು. ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಸಮಾನವೇನೋ ಹೌದು, ನ್ಯಾಯವಲ್ಲ.

ಈ ವರ್ಷ ಪದ್ಧತಿ ಬದಲಾಗಿ ಕನ್ಸಾಯಿಯ ಮೊದಲ ಮೂರು ತಂಡಗಳಿಗೂ ರಾಷ್ಟ್ರೀಯ ಸುತ್ತಿನ ಬಾಗಿಲು ತೆರೆಯಿತು. ನ್ಯಾಯದ ಮಾತಾಡಿದ ನನಗೆ ಇದು ಸಂತೋಷವಾಗಬೇಕಿತ್ತು. ಆದರೆ ನಿನ್ನೆದುರು ಸುಳ್ಳೇಕೆ, ಒಂದು ಸೋಲಿಗೆ ಎಲ್ಲವೂ ಮುಗಿಯಬಹುದೆಂಬ ಭಯದಿಂದ ನವೆಂಬರಿನ ಪಂದ್ಯಗಳಲ್ಲಿ ಹುಟ್ಟುತ್ತಿದ್ದ ಬಿಗಿ ಈ ಸಲ ಕೊಂಚ ಸಡಿಲವಾದಂತೆ ಕಂಡಿತು. ಮತ್ತೊಂದು ಅವಕಾಶ ಸಿಕ್ಕ ಕ್ವಾನ್ಸೇ ಅದನ್ನು ಉಳಿಸಿಕೊಳ್ಳಲಿಲ್ಲ. ಸೆಮಿಫೈನಲ್‌ನಲ್ಲಿ ಹೆಚ್ಚುವರಿ ಆಟದಲ್ಲಿ ಹೋಸೇಗೆ 17-20ರಿಂದ ಸೋತಿತು.

ಕಳೆದ ಭಾನುವಾರ ಕೋಶಿಯೆನ್‌ಗೆ ಬೆಳಿಗ್ಗೆಯೇ ಹೋಗಿ ಕುಳಿತೆ. ಅದು 1924ರಲ್ಲಿ ತೆರೆದ ಬೇಸ್‌ಬಾಲ್ ಕ್ರೀಡಾಂಗಣ. ಬೇಸಿಗೆಯಲ್ಲಿ ಶಾಲಾ ಹುಡುಗರು ಸೋತು ಅಳುತ್ತ ಚೀಲಕ್ಕೆ ತುಂಬಿಕೊಳ್ಳುವ ಕರಿಮಣ್ಣಿನ ಮೇಲೆ ಈ ಪಂದ್ಯಕ್ಕಾಗಿಯೇ ಹುಲ್ಲು ಹಾಸುತ್ತಾರೆ. ಹಳೆಯ ಹುಲ್ಲಿಗೂ ಹೊಸ ಹುಲ್ಲಿಗೂ ಬಣ್ಣ ಹೊಂದುವುದಿಲ್ಲ; ಮೇಲಿನ ಸಾಲಿನಿಂದ ನೋಡಿದರೆ ಅಂಗಿಗೆ ತೇಪೆ ಹಾಕಿದಂತೆ ಕಾಣುತ್ತದೆ. ರಿತ್ಸುಮೇಯಿಕಾನ್ 45, ಹೋಸೇ 35. 2015ರ ನಂತರ ರಿತ್ಸುಮೇಯಿಕಾನಿಗೆ ಇದೇ ಮೊದಲ ಪ್ರಶಸ್ತಿ. ಅಂದರೆ ಈಗ ಆಡಿದವರಾರೂ ಅಲ್ಲಿ ವಿದ್ಯಾರ್ಥಿಗಳಾಗಿದ್ದಾಗ ತಮ್ಮ ತಂಡ ಇಲ್ಲಿ ಗೆದ್ದುದನ್ನು ಕಂಡವರಲ್ಲ.

ಇನ್ನು ಉಳಿದಿರುವುದು ಜನವರಿ 3ರ ರೈಸ್ ಬೌಲ್. 1984ರಿಂದ ಅದು ವಿದ್ಯಾರ್ಥಿ ಚಾಂಪಿಯನ್ನರಿಗೂ ಕಂಪನಿ ಮತ್ತು ಕ್ಲಬ್ ತಂಡಗಳ ಚಾಂಪಿಯನ್ನರಿಗೂ ನಡುವಿನ ಪಂದ್ಯವಾಗಿತ್ತು. ವಿದ್ಯಾರ್ಥಿಗಳು ಕೊನೆಯ ಬಾರಿ ಗೆದ್ದದ್ದು 2009ರಲ್ಲಿ, ಅದೂ ಇದೇ ರಿತ್ಸುಮೇಯಿಕಾನ್. ಆಮೇಲೆ ಕಂಪನಿ ತಂಡಗಳಲ್ಲಿ ಅಮೆರಿಕದ ಆಟಗಾರರು ಸೇರಿ ಮೈಕಟ್ಟಿನ ಅಂತರ ಅಪಾಯಕಾರಿಯಾಯಿತು. 2022ರಿಂದ ಅದು ಆ ಕಂಪನಿ ಮತ್ತು ಕ್ಲಬ್ ತಂಡಗಳ ಎಕ್ಸ್ ಲೀಗಿನ ಫೈನಲ್ ಮಾತ್ರ. ಸರಿಯಾದ ನಿರ್ಧಾರವೇ, ಆದರೆ ಅದನ್ನು ನಾನು ಮನೆಯಲ್ಲಿ ಚಹಾ ಕುಡಿಯುತ್ತ ಟಿವಿಯಲ್ಲಿ ನೋಡುತ್ತೇನೆ, ಟೋಕಿಯೊಗೆ ಟಿಕೆಟ್ ಮಾಡಿಸುವಷ್ಟು ಎಳೆತ ಇಲ್ಲ.

ನೀನು ಬರುವುದಾದರೆ ಅಕ್ಟೋಬರಿನಲ್ಲಿ ಬಾ. ಓಜಿಯಲ್ಲಿ ಬಿಸಿಲು ಆಗ ಹಿತವಾಗಿರುತ್ತದೆ. ಆಸನ ಗಟ್ಟಿ, ಒಂದು ದಪ್ಪ ಟವೆಲ್ ತಂದುಕೋ. ಬುತ್ತಿ ನಾನು ಕಟ್ಟುತ್ತೇನೆ. ಮನೆಯವರಿಗೆಲ್ಲ ನನ್ನ ನಮಸ್ಕಾರ ತಿಳಿಸು.

ಇಂತಿ ನಿನ್ನ,
ಕೋಬೆಯ ಗೆಳೆಯ